ಪಕ್ಕದ ತೋಟಕ್ಕೆ ಔಷಧಿ ಹೊಡೆದರೆ

(ಶಿವಮೊಗ್ಗದಲ್ಲಿ ಹಿರಿಯರ ಒಂದು ಕೂಟದಲ್ಲಿ ಆಡಿದ ಮಾತು ಇದು. ಅಲ್ಲಿ ಮರೆತಿದ್ದನ್ನು ಬರೆಯುವಾಗ ಸೇರಿಸಿದ್ದೇನೆ. ಒಂದೆರಡು ಜೋಕು ಬಿಟ್ಟಿದ್ದೇನೆ, ಕಾಗದದ ಮೇಲೆ ಅವಕ್ಕೆ ಯಾರೂ ನಗುವುದಿಲ್ಲ.)

ನನ್ನನ್ನು ಕರೆಯಲು ಬಂದವರು ಕೊಟ್ಟ ವಿಷಯ "ವಯಸ್ಸಾದವರಲ್ಲಿ ನ್ಯುಮೋನಿಯಾ". ನಾನು ಮಕ್ಕಳ ಡಾಕ್ಟರು ಮಾರಾಯ್ರೆ, ಮನೆ ತಪ್ಪಿ ಬಂದಿದ್ದೀರಿ ಅಂದೆ. "ಪರವಾಗಿಲ್ಲ, ವಯಸ್ಸಾದ ಮೇಲೆ ನಾವೂ ಮಕ್ಕಳೇ ಅಲ್ವಾ" ಅಂದರು. ಅವರು ತಮಾಷೆಗೆ ಅಂದಿದ್ದು. ಅವರು ಕಾಫಿ ಕುಡಿದು ಹೋದ ಮೇಲೆ ಕೂತು ಯೋಚಿಸಿದೆ. ನಾನು ಇಷ್ಟು ವರ್ಷ ಮಕ್ಕಳ ತೊಡೆಗೆ ಸೂಜಿ ಹಾಕಿದ್ದಕ್ಕೂ ನಿಮ್ಮ ಎದೆಗೂ ನಿಜಕ್ಕೂ ಒಂದು ನಂಟಿದೆ. ಅದನ್ನೇ ಹೇಳೋಣ ಅಂತ ಬಂದೆ.

ಮೊದಲು ಒಂದು ಪ್ರಶ್ನೆ. ಇಲ್ಲಿ ಎಷ್ಟು ಜನಕ್ಕೆ ಅಡಿಕೆ ತೋಟ ಇದೆ?

(ಮುಕ್ಕಾಲು ಪಾಲು ಕೈಗಳು ಮೇಲೆದ್ದವು.)

ಹಾಗಾದರೆ ಮಳೆಗಾಲದಲ್ಲಿ ಅಡಿಕೆ ಕೊಳೆಯಿಸುವ ಕೊಳೆರೋಗದ ಬಗ್ಗೆ ನನಗಿಂತ ನಿಮಗೇ ಜಾಸ್ತಿ ಗೊತ್ತು. ಮಳೆ ಹಿಡಿಯುವ ಮುಂಚೆ ಒಂದು ಸಲ ಅಡಿಕೆ ಕೊನೆಗೆ, ಅಂದರೆ ಗೊಂಚಲಿಗೆ, ಔಷಧಿ ಹೊಡೆಸುತ್ತೀರಿ. ನಲವತ್ತು ದಿನದ ಆಸುಪಾಸಿನಲ್ಲಿ ಇನ್ನೊಂದು ಸಲ. ಮೈಲುತುತ್ತ, ಸುಣ್ಣ, ನೀರು. ನೂರು ವರ್ಷಕ್ಕೂ ಹಿಂದೆ ಮೈಸೂರು ಸರ್ಕಾರದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್‌ಮನ್ ಅವರು ಈ ರೋಗದ ಬೆನ್ನು ಹತ್ತಿ, ಈ ಮಿಶ್ರಣ, ಅಂದರೆ ಬೋರ್ಡೋ ದ್ರಾವಣ, ನಮ್ಮ ಕಡೆ ರೂಢಿಗೆ ಬರುವಂತೆ ಮಾಡಿದರು. ಅದಕ್ಕೂ ಮುಂಚೆ ಏನು ಮಾಡುತ್ತಿದ್ದರು? ಕೊಟ್ಟೆ ಕಟ್ಟುತ್ತಿದ್ದರು, ಅಂದರೆ ಮಳೆ ತಾಗದ ಹಾಗೆ ಕೊನೆಗೊಂದು ಮುಚ್ಚಿಗೆ. ಒಂದೊಂದು ಕೊನೆಗೂ ಒಂದೊಂದು ಛತ್ರಿ. ಕೊಟ್ಟೆ ಕಟ್ಟಿದ ಕೊನೆ ಉಳಿಯುತ್ತಿತ್ತು. ಪಕ್ಕದ ಮರದ ಕೊನೆಗೆ ಅದರಿಂದ ಏನೂ ಲಾಭ ಇರಲಿಲ್ಲ.

ಔಷಧಿಯ ಕಥೆ ಬೇರೆ. ಪಕ್ಕದ ತೋಟದವರು ಬೆಂಗಳೂರಲ್ಲಿದ್ದಾರೆ, ಔಷಧಿ ಹೊಡೆಸಿಲ್ಲ ಅಂತಿಟ್ಟುಕೊಳ್ಳಿ. ಅಲ್ಲಿ ಕೊಳೆ ಬಿತ್ತು. ಗಾಳಿ ಮಳೆಗೆ ಅದು ಸಿಡಿದು ಮೊದಲು ಎಲ್ಲಿಗೆ ಬರುತ್ತದೆ? ನಿಮ್ಮ ಬೇಲಿ ಸಾಲಿನ ಮರಕ್ಕೆ. ಅವರು ಸರಿಯಾಗಿ ಹೊಡೆಸಿದ ವರ್ಷ ನಿಮ್ಮ ಬೇಲಿ ಸಾಲು ತಾನಾಗೇ ಉಳಿದುಕೊಳ್ಳುತ್ತದೆ. ನೀವು ಅವರಿಗೆ ಥ್ಯಾಂಕ್ಸ್ ಹೇಳಿರುವುದಿಲ್ಲ, ಅದು ಬೇರೆ ವಿಷಯ.

ನ್ಯುಮೋನಿಯಾದಲ್ಲಿ ಆ ಪಕ್ಕದ ತೋಟ ಅಂದರೆ ನಿಮ್ಮ ಮೊಮ್ಮಗುವಿನ ಮೂಗು.

ನ್ಯುಮೋನಿಯಾ ಅನ್ನುವುದು ಒಂದೇ ಕಾಯಿಲೆಯ ಹೆಸರಲ್ಲ. ಶ್ವಾಸಕೋಶದ ಗಾಳಿ ಚೀಲಗಳಲ್ಲಿ ಕೀವು, ನೀರು ತುಂಬಿಕೊಂಡರೆ ಅದನ್ನು ಹಾಗೆ ಕರೆಯುತ್ತೇವೆ. ವೈರಸ್ಸಿಂದ ಬರಬಹುದು, ಬ್ಯಾಕ್ಟೀರಿಯಾದಿಂದ ಬರಬಹುದು, ಊಟ ಮಾಡುವಾಗ ನೆತ್ತಿಗೇರಿ ಒಳಗೆ ಹೋದದ್ದರಿಂದಲೂ ಬರಬಹುದು. ಬ್ಯಾಕ್ಟೀರಿಯಾಗಳ ಪೈಕಿ ದೊಡ್ಡ ಕಳ್ಳನ ಹೆಸರು ನ್ಯುಮೋಕಾಕಸ್. ಇವತ್ತು ಮುಖ್ಯವಾಗಿ ಅವನ ಮಾತು.

ಇವನು ಸಿಕ್ಕಿಬಿದ್ದ ಕಥೆ ನನಗೆ ಬಹಳ ಇಷ್ಟ. 1881ರಲ್ಲಿ ಇಬ್ಬರು ಬೇರೆ ಬೇರೆಯಾಗಿ ಇವನ ಸುದ್ದಿ ಪ್ರಕಟಿಸಿದರು. ಫ್ರಾನ್ಸಿನಲ್ಲಿ ಲೂಯಿ ಪಾಶ್ಚರ್, ಅಮೆರಿಕದಲ್ಲಿ ಸೈನ್ಯದ ಡಾಕ್ಟರ್ ಜಾರ್ಜ್ ಸ್ಟರ್ನ್‌ಬರ್ಗ್. ಸ್ಟರ್ನ್‌ಬರ್ಗ್‌ಗೆ ಇವನು ಸಿಕ್ಕಿದ್ದೆಲ್ಲಿ ಗೊತ್ತಾ? ತನ್ನದೇ ಎಂಜಲಲ್ಲಿ. ತನ್ನ ಎಂಜಲನ್ನು ಮೊಲಕ್ಕೆ ಚುಚ್ಚಿದ, ಮೊಲ ಸತ್ತಿತು. ಸ್ಟರ್ನ್‌ಬರ್ಗ್ ಮಾತ್ರ ಗಟ್ಟಿಮುಟ್ಟಾಗಿ ಓಡಾಡಿಕೊಂಡಿದ್ದ!

ಅಂದರೆ ಈ ಕ್ರಿಮಿ ಆರಾಮಾಗಿರುವವರ ಗಂಟಲು ಮೂಗಿನ ಹಿಂಭಾಗದಲ್ಲಿ ಸುಮ್ಮನೆ ಬಾಡಿಗೆಗೆ ಇರುತ್ತದೆ. ಜ್ವರ ಇಲ್ಲ, ನೋವಿಲ್ಲ. ಹೆಚ್ಚಿನ ಸಲ ಒಂದಷ್ಟು ವಾರ ಇದ್ದು ಹೊರಟುಹೋಗುತ್ತದೆ. ಅಪರೂಪಕ್ಕೆ ಕೆಳಗೆ ಜಾರಿ ಶ್ವಾಸಕೋಶಕ್ಕೆ ಇಳಿಯುತ್ತದೆ, ಅಥವಾ ರಕ್ತಕ್ಕೆ, ಮಿದುಳಿನ ಪೊರೆಗೆ. ಆಗ ಕಾಯಿಲೆ.

ಈ ಬಾಡಿಗೆದಾರ ಜಾಸ್ತಿ ಇರುವುದು ಯಾರ ಮೂಗಿನಲ್ಲಿ? ದೊಡ್ಡವರಲ್ಲಿ ಹುಡುಕಿದರೆ ಸಾಮಾನ್ಯವಾಗಿ ನೂರಕ್ಕೆ ಹತ್ತು ಜನರಲ್ಲೂ ಸಿಗುವುದಿಲ್ಲ. ಐದು ವರ್ಷದೊಳಗಿನ ಮಕ್ಕಳಲ್ಲಿ ಎಷ್ಟೋ ಊರುಗಳಲ್ಲಿ ಅರ್ಧಕ್ಕೂ ಮೇಲೆ. ಅದರಲ್ಲೂ ನಡೆಯಲು ಕಲಿತು, ಕಂಡದ್ದೆಲ್ಲ ಬಾಯಿಗಿಟ್ಟುಕೊಂಡು, ಅಂಗನವಾಡಿಯಲ್ಲಿ ಒಬ್ಬರ ಮೇಲೊಬ್ಬರು ಬಿದ್ದು ಆಡುವ ವಯಸ್ಸಿನವರಲ್ಲಿ. ಅವರ ಸಿಂಬಳದ ಮೂಗು ನಿಮಗೆ ಗೊತ್ತೇ ಇದೆ. ಒರೆಸಿದಷ್ಟೂ ಬರುತ್ತದೆ. ಒರೆಸುವವರು ಯಾರು? ನೀವು. ಅದೇ ಸೆರಗಿನಲ್ಲಿ, ಅದೇ ಪಂಚೆ ತುದಿಯಲ್ಲಿ. ಆಮೇಲೆ ಮಗು ಅರ್ಧ ಕಚ್ಚಿ ಬಿಟ್ಟ ಬಿಸ್ಕತ್ತು ಯಾರ ಬಾಯಿಗೆ? ಅಜ್ಜನ ಬಾಯಿಗೆ.

(ನಗು. ಮುಂದಿನ ಸಾಲಿನ ಒಬ್ಬರು ಪಕ್ಕದವರ ಕಡೆ ಬೆರಳು ಮಾಡಿದರು.)

ನಾನು ನಗುತ್ತಾ ಹೇಳುತ್ತಿದ್ದೇನೆ, ಆದರೆ ಇದನ್ನು ನಾನೇ ಬಹಳ ತಡವಾಗಿ ಅರ್ಥ ಮಾಡಿಕೊಂಡೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ತೀರ್ಥಹಳ್ಳಿ ಕಡೆಯ ಒಂದು ದೊಡ್ಡ ಮನೆಗೆ ಹೋಗುತ್ತಿದ್ದೆ. ಆಷಾಢದ ಮಳೆ. ಹಂಡೆ ಒಲೆಯ ಹೊಗೆ ಮನೆ ತುಂಬ. ಎರಡು ವರ್ಷದ ಹುಡುಗನಿಗೆ ನೆಗಡಿ, ಕಿವಿ ಸೋರುವುದು. ಔಷಧಿ ಕೊಟ್ಟೆ, ವಾಸಿಯಾಯಿತು. ಹತ್ತು ಹನ್ನೆರಡು ದಿನಕ್ಕೆ ಆ ಮನೆಯ ಅಜ್ಜಿಗೆ ಚಳಿಜ್ವರ, ಎದೆ ನೋವು, ತುಕ್ಕಿನ ಬಣ್ಣದ ಕಫ. ಅಜ್ಜಿ ಉಳಿಯಲಿಲ್ಲ. "ಥಂಡಿ ಆಗಿತ್ತು, ವಯಸ್ಸೂ ಆಗಿತ್ತು" ಅಂದರು ಮನೆಯವರು. ನಾನೂ ಹೂಂ ಅಂದೆ. ಆ ಹುಡುಗನ ಸೋರುವ ಕಿವಿಯನ್ನೂ ಅಜ್ಜಿಯ ಎದೆಯನ್ನೂ ಒಟ್ಟಿಗೆ ಇಟ್ಟು ನೋಡುವುದು ನನಗೆ ಹೊಳೆಯಲಿಲ್ಲ. ಹುಡುಗನಿಂದಲೇ ಬಂತು ಅಂತ ಈಗಲೂ ಆಣೆ ಮಾಡಿ ಹೇಳಲಾರೆ, ಪರೀಕ್ಷೆ ಯಾರೂ ಮಾಡಿರಲಿಲ್ಲ. ಆದರೆ ಕೇಳಬೇಕಾದ ಪ್ರಶ್ನೆಯನ್ನೇ ನಾನು ಕೇಳಿರಲಿಲ್ಲ.

ಈಗ ಲಸಿಕೆಯ ವಿಷಯಕ್ಕೆ ಬರುತ್ತೇನೆ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ, ಯಾಕೆಂದರೆ ಎಲ್ಲ ಗುಟ್ಟೂ ಇಲ್ಲೇ ಇದೆ.

ನ್ಯುಮೋಕಾಕಸ್ ಮೈಮೇಲೆ ಒಂದು ಅಂಗಿ ಹಾಕಿಕೊಂಡಿರುತ್ತದೆ. ಸಕ್ಕರೆಯ ಅಂಗಿ. ಚಹಾಕ್ಕೆ ಹಾಕುವ ಸಕ್ಕರೆ ಅಂದುಕೊಳ್ಳಬೇಡಿ, ಸಕ್ಕರೆಯ ಅಣುಗಳನ್ನು ಸರ ಪೋಣಿಸಿದ ಹಾಗೆ ಇರುವ ಒಂದು ಲೋಳೆ ಪದರ. ಈ ಅಂಗಿ ಇರುವುದರಿಂದ ನಮ್ಮ ರಕ್ತದ ಬಿಳಿ ಕಣಗಳಿಗೆ ಅದನ್ನು ಹಿಡಿದು ನುಂಗಲು ಆಗುವುದಿಲ್ಲ, ಜಾರುತ್ತದೆ. ಅಂಗಿಯ ನಮೂನೆ ಒಂದೆರಡಲ್ಲ, ಸುಮಾರು ನೂರು. ಒಂದೊಂದು ನಮೂನೆಗೂ ಒಂದೊಂದು ನಂಬರು. ಎಲ್ಲವೂ ಅಷ್ಟೇ ಕೆಟ್ಟವಲ್ಲ, ಕೆಲವು ನಂಬರುಗಳೇ ಹೆಚ್ಚಿನ ಅನಾಹುತ ಮಾಡುವುದು. ಇದೇ ಅಂಗಿಯ ಬೆನ್ನು ಹತ್ತಿಯೇ 1928ರಲ್ಲಿ ಗ್ರಿಫಿತ್ ಅನ್ನುವ ವಿಜ್ಞಾನಿ ದಾರಿ ತೋರಿಸಿದ್ದು, 1944ರಲ್ಲಿ ಏವರಿ ಮತ್ತು ಸಂಗಡಿಗರು, ಮಕ್ಕಳಿಗೆ ಅಪ್ಪ ಅಮ್ಮನ ಗುಣ ದಾಟಿಸುವ ವಸ್ತು ಡಿಎನ್‌ಎ ಅಂತ ಕಂಡುಕೊಂಡಿದ್ದು. ಇಷ್ಟು ದೊಡ್ಡ ಸಂಗತಿ ಗೊತ್ತಾಗಿದ್ದು ನೆಗಡಿ ಮೂಗಿನ ಈ ಕ್ರಿಮಿಯಿಂದ. ಇರಲಿ, ಅದು ಇನ್ನೊಂದು ದಿನದ ಮಾತು.

ಹಳೆಯ ಲಸಿಕೆಯಲ್ಲಿ ಬರೀ ಈ ಸಕ್ಕರೆ ಇತ್ತು. 23 ನಮೂನೆಯ ಅಂಗಿಗಳ ಸಕ್ಕರೆ ಸೇರಿಸಿದ ಲಸಿಕೆ ಅಮೆರಿಕದಲ್ಲಿ 1983ರಿಂದ ಇದೆ, ಈಗಲೂ ವಯಸ್ಸಾದವರಿಗೆ ಕೊಡುತ್ತಾರೆ. ಅದರಲ್ಲಿ ಎರಡು ತೊಂದರೆ. ಒಂದು, ಎರಡು ವರ್ಷದೊಳಗಿನ ಮಗುವಿನ ಮೈಗೆ ಬರೀ ಸಕ್ಕರೆಯ ಗುರುತು ಹತ್ತುವುದಿಲ್ಲ. ತೋರಿಸಿದರೂ ನೆನಪಿಟ್ಟುಕೊಳ್ಳುವುದಿಲ್ಲ. ಇನ್ನೊಂದು, ದೊಡ್ಡವರಿಗೆ ಕೊಟ್ಟಾಗ ಅದು ರಕ್ತಕ್ಕೆ ಕ್ರಿಮಿ ನುಗ್ಗುವುದನ್ನು ತಡೆಯುತ್ತದೆ, ಆದರೆ ಮೂಗಿನ ಬಾಡಿಗೆದಾರನನ್ನು ಓಡಿಸುವುದಿಲ್ಲ. ಇದು ಕೊಟ್ಟೆ ಕಟ್ಟಿದ ಹಾಗೆ. ಹಾಕಿಸಿಕೊಂಡವರಿಗಷ್ಟೇ ಛತ್ರಿ.

ಹೊಸ ಲಸಿಕೆಯಲ್ಲಿ ಆ ಸಕ್ಕರೆಯನ್ನು ಒಂದು ಪ್ರೊಟೀನಿಗೆ ಅಂಟಿಸಿದ್ದಾರೆ. ಹೆಚ್ಚಾಗಿ ಬಳಸುವುದು ಗಂಟಲಮಾರಿ ರೋಗದ ವಿಷದಿಂದ ವಿಷ ತೆಗೆದ ಒಂದು ಪ್ರೊಟೀನು. ಮಗುವಿನ ಮೈ ಪ್ರೊಟೀನನ್ನು ಚೆನ್ನಾಗಿ ಗುರುತು ಹಿಡಿಯುತ್ತದೆ. ಅದರ ಬೆನ್ನ ಮೇಲೆ ಕೂತ ಸಕ್ಕರೆಯನ್ನೂ ಹಾಗೇ ಗುರುತು ಹಾಕಿಕೊಂಡುಬಿಡುತ್ತದೆ. ಹಾಗಲಕಾಯಿ ಗೊಜ್ಜಿಗೆ ಬೆಲ್ಲ ಹಾಕಿ ಮಕ್ಕಳಿಗೆ ತಿನ್ನಿಸುತ್ತೇವಲ್ಲ, ಇಲ್ಲಿ ಅದು ತಿರುಗಾ ಮುರುಗಾ, ಸಕ್ಕರೆ ನುಂಗಿಸಲು ಬೇರೆ ಏನೋ ಜೊತೆಗೆ. ಹೀಗೆ ಅಂಟಿಸುವ ಉಪಾಯ ಅದೇ ಏವರಿ ಮತ್ತು ಅವರ ಸಂಗಡಿಗ ಗೋಬೆಲ್ ಅವರಿಗೆ 1930ರ ಹೊತ್ತಿಗೇ ಹೊಳೆದಿತ್ತು. ಮಗುವಿಗೆ ಹಾಕುವ ನ್ಯುಮೋಕಾಕಸ್ ಲಸಿಕೆಯಾಗಿ ಅಂಗಡಿಗೆ ಬರಲು 2000ನೇ ಇಸವಿ ಬೇಕಾಯಿತು. ನಮ್ಮ ತಾಯಿ ಕಾರ್ಡಿನಲ್ಲಿ ಪಿಸಿವಿ ಅಂತ ಇರುವುದು ಇದೇ ಜಾತಿಯದ್ದು.

ಈ ಅಂಟಿಸಿದ ಲಸಿಕೆ ಹಾಕಿದ ಮಕ್ಕಳ ಮೂಗಿನಲ್ಲಿ ಆ ನಂಬರಿನ ಕ್ರಿಮಿ ಮನೆ ಮಾಡುವುದೇ ಕಡಿಮೆಯಾಗುತ್ತದೆ. ಕೊಟ್ಟೆ ಹೋಗಿ ಬೋರ್ಡೋ ಬಂದ ಹಾಗೆ. ಮಗುವಿಗೆ ಕಾಯಿಲೆ ತಪ್ಪಿತು ಅನ್ನುವುದು ಒಂದು ಲಾಭ. ಮಗು ಇನ್ನೊಬ್ಬರಿಗೆ ಅಂಟಿಸುವುದು ತಪ್ಪಿತು ಅನ್ನುವುದು ಇನ್ನೊಂದು.

ಎರಡನೇ ಲಾಭವನ್ನು ಶುರುವಿನಲ್ಲಿ ಅಷ್ಟಾಗಿ ಯಾರೂ ಎಣಿಸಿರಲಿಲ್ಲ. ಅಮೆರಿಕದಲ್ಲಿ 2000ದಲ್ಲಿ 7 ನಮೂನೆಯ ಲಸಿಕೆಯನ್ನು ಮಕ್ಕಳಿಗೆ ಕೊಡಲು ಶುರು ಮಾಡಿದರು. 2001ಕ್ಕೇ ಲೆಕ್ಕ ನೋಡಿದರೆ, ರಕ್ತಕ್ಕೆ ನುಗ್ಗುವಂಥ ಗಂಭೀರ ನ್ಯುಮೋಕಾಕಸ್ ಕಾಯಿಲೆ ಎರಡು ವರ್ಷದೊಳಗಿನ ಮಕ್ಕಳಲ್ಲಿ ಶೇ. 69ರಷ್ಟು ಇಳಿದಿತ್ತು. ಅದು ನಿರೀಕ್ಷೆ ಇದ್ದದ್ದೇ. ಜೊತೆಗೆ 20ರಿಂದ 39 ವರ್ಷದವರಲ್ಲಿ ಶೇ. 32 ಇಳಿದಿತ್ತು. 65 ದಾಟಿದವರಲ್ಲಿ ಶೇ. 18. ಇವರು ಯಾರೂ ಆ ಲಸಿಕೆ ಹಾಕಿಸಿಕೊಂಡವರಲ್ಲ! ಆ ಕಾಲದಲ್ಲಿ ಅದು ದೊಡ್ಡವರಿಗೆ ಇರಲೇ ಇಲ್ಲ. 20ರಿಂದ 39 ಅಂದರೆ ಯಾರು ಹೇಳಿ? ಚಿಕ್ಕ ಮಕ್ಕಳ ಅಪ್ಪ ಅಮ್ಮಂದಿರು.

ಹತ್ತು ವರ್ಷ ಕಳೆದ ಮೇಲೆ ಆಸ್ಪತ್ರೆಗಳ ದಾಖಲೆ ತೆಗೆದು ಇನ್ನೊಂದು ಲೆಕ್ಕ ಹಾಕಿದರು. 2013ರಲ್ಲಿ ಪ್ರಕಟವಾಯಿತು. ಈ ಸಲ ಎಲ್ಲ ತರಹದ ನ್ಯುಮೋನಿಯಾ ಸೇರಿಸಿ ನೋಡಿದ್ದು. ಲಸಿಕೆಗೆ ಮುಂಚಿನ ವರ್ಷಗಳಿಗೆ ಹೋಲಿಸಿದರೆ ನ್ಯುಮೋನಿಯಾಕ್ಕೆ ಆಸ್ಪತ್ರೆ ಸೇರುವವರು ವರ್ಷಕ್ಕೆ ಸುಮಾರು 1,68,000 ಕಡಿಮೆ ಆಗಿದ್ದರು. ಎರಡು ವರ್ಷದೊಳಗಿನ ಮಕ್ಕಳಲ್ಲಿ ಶೇ. 43 ಇಳಿಕೆ. 85 ವರ್ಷ ದಾಟಿದವರಲ್ಲಿ ಶೇ. 23ರ ಹತ್ತಿರ. ಶೇಕಡಾವಾರು ಬಿಡಿ, ತಲೆ ಎಣಿಸಿ. ಆ 1,68,000ದಲ್ಲಿ ಸುಮಾರು 73,000 ಜನ 85 ದಾಟಿದವರೇ. ಸೂಜಿ ಹಾಕಿದ್ದು ಕೂಸುಗಳಿಗೆ, ಆಸ್ಪತ್ರೆ ತಪ್ಪಿದ್ದು ಮುತ್ತಜ್ಜಂದಿರಿಗೆ. ಹತ್ತು ವರ್ಷದಲ್ಲಿ ಬೇರೆ ಬದಲಾವಣೆಗಳೂ ಆಗಿರುತ್ತವೆ, ಎಲ್ಲವನ್ನೂ ಒಂದು ಲಸಿಕೆಯ ಖಾತೆಗೆ ಬರೆಯಬಾರದು. ಆದರೂ ಮೂಗು, ರಕ್ತ, ಆಸ್ಪತ್ರೆ ಮೂರೂ ಕಡೆಯ ಲೆಕ್ಕ ಒಂದೇ ದಿಕ್ಕಿಗೆ ಬೊಟ್ಟು ಮಾಡುತ್ತಿದೆ.

ಇಲ್ಲಿ ಒಬ್ಬರು ಮೇಷ್ಟ್ರು ಎದ್ದು ನಿಂತರು. "ಡಾಕ್ಟ್ರೇ, ಅಮೆರಿಕ ಅಂದ್ರೆ ದೊಡ್ಡ ದೊಡ್ಡ ಮನೆ, ಒಬ್ಬೊಬ್ರಿಗೆ ಒಂದೊಂದು ರೂಮು. ನಮ್ಮಲ್ಲಿ ಅದು ನಡೆಯೋದು ಎಂತ?" ಒಳ್ಳೆಯ ಪ್ರಶ್ನೆ. ಅದಕ್ಕೆ ನಾನು ಕೆನ್ಯಾದ ಕಿಲಿಫಿ ಅನ್ನುವ ಕರಾವಳಿ ಊರಿನ ಉದಾಹರಣೆ ಕೊಟ್ಟೆ. ಅಲ್ಲಿ ಬಡತನ ಇದೆ, ಕಿಕ್ಕಿರಿದ ಮನೆಗಳಿವೆ. 2011ರಲ್ಲಿ 10 ನಮೂನೆಯ ಲಸಿಕೆ ಶುರುವಾಯಿತು. ಕೆಲವು ವರ್ಷದಲ್ಲಿ ಐದರೊಳಗಿನ ಮಕ್ಕಳಲ್ಲಿ, ಲಸಿಕೆಯಲ್ಲಿದ್ದ ನಂಬರುಗಳಿಂದ ಬರುವ ಗಂಭೀರ ಕಾಯಿಲೆ ಶೇ. 92 ಇಳಿಯಿತು. ಲಸಿಕೆ ಹಾಕಿಸದ ದೊಡ್ಡವರಲ್ಲೂ ಅದೇ ನಂಬರಿನ ಕಾಯಿಲೆ ಗಣನೀಯವಾಗಿ ಇಳಿಯಿತು. ನನ್ನ ಅನಿಸಿಕೆ ಕೇಳಿದರೆ, ಅಜ್ಜ ಅಜ್ಜಿ ಮೊಮ್ಮಕ್ಕಳ ಜೊತೆ ಒಂದೇ ಹಾಸಿಗೆಯಲ್ಲಿ ಮಲಗುವ ಕಡೆ ಮಗುವಿನ ಮೂಗಿಗೆ ಇನ್ನೂ ಜಾಸ್ತಿ ಬೆಲೆ ಇದೆ.

ಮೇಷ್ಟ್ರು ಕೂರಲಿಲ್ಲ. "ಹಾಗಾದ್ರೆ ಮಂಗನ ಕಾಯಿಲೆ ಸೂಜಿನೂ ಹೀಗೇನಾ? ನಮ್ಮೂರಲ್ಲಿ ಹಾಕಿಸ್ಕೊಂಡವ್ರಿಗೇ ಬಂತಲ್ಲ!"

ಈ ಪ್ರಶ್ನೆ ನಮ್ಮ ಜಿಲ್ಲೆಯಲ್ಲಿ ಬರಲೇಬೇಕು. ಲಸಿಕೆ ಅಂದರೆ ಇಲ್ಲಿ ಎಷ್ಟೋ ಜನಕ್ಕೆ ನೆನಪಾಗುವುದು ಅದೇ, ಮತ್ತು ನೆನಪು ಸಿಹಿಯಾಗಿಲ್ಲ. ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಾದ ಕಾಯಿಲೆ. ಕಾಡಿನ ಉಣುಗು ಕಚ್ಚಿ ಬರುತ್ತದೆ. ಲಸಿಕೆ ಕೈ ಊದುವಷ್ಟು ನೋಯುತ್ತಿತ್ತು, ಮತ್ತೆ ಮತ್ತೆ ಹಾಕಿಸಬೇಕಿತ್ತು, ಆದರೂ ಕಾಪಾಡುವ ಶಕ್ತಿ ಸಾಲದು ಅಂತ ಕೊನೆಗೆ ಅದನ್ನು ಕೊಡುವುದನ್ನೇ ನಿಲ್ಲಿಸಿದರು. 2019ರ ಆಸುಪಾಸಿನಲ್ಲಿ ಸಾಗರದ ಅರಳಗೋಡು ಕಡೆ ಜನ ಪಟ್ಟ ಪಾಡು ನೆನೆದರೆ ಅವರ ಸಿಟ್ಟು ನ್ಯಾಯವೇ.

ಆದರೆ ಇವತ್ತಿನ ಮಾತಿಗೆ ಬೇಕಾದದ್ದು ಇನ್ನೊಂದು ವ್ಯತ್ಯಾಸ. ಮಂಗನ ಕಾಯಿಲೆ ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಉಣುಗಿನಿಂದ ಮನುಷ್ಯನಿಗೆ ಬಂತು, ಅಲ್ಲಿಗೆ ಅದರ ದಾರಿ ಮುಗಿಯಿತು. ಹಾಗಾಗಿ ಊರಿನವರೆಲ್ಲ ಹಾಕಿಸಿಕೊಂಡು ನೀವೊಬ್ಬರು ಬಿಟ್ಟರೆ, ಕಾಡಿಗೆ ದರಕು ತರಲು ಹೋದಾಗ ನಿಮ್ಮನ್ನು ಕಾಯುವವರು ಯಾರೂ ಇಲ್ಲ. ಉಣುಗಿಗೆ ನಿಮ್ಮ ನೆರೆಮನೆಯವರ ಕಾರ್ಡು ಗೊತ್ತಿಲ್ಲ. ಧನುರ್ವಾಯುವೂ ಹಾಗೇ, ಮಣ್ಣಿಂದ ಬರುವುದು. ಅಲ್ಲೆಲ್ಲ ಲಸಿಕೆ ಅಂದರೆ ಕೊಟ್ಟೆ ಕಟ್ಟಿದ ಹಾಗೆಯೇ. ಒಬ್ಬರಿಗೆ ಹಾಕಿದ್ದು ಇನ್ನೊಬ್ಬರನ್ನು ಕಾಯಬೇಕಾದರೆ ಕಾಯಿಲೆ ಮನುಷ್ಯರಿಂದ ಮನುಷ್ಯರಿಗೆ ದಾಟುವಂಥದ್ದಾಗಿರಬೇಕು, ಲಸಿಕೆ ಆ ದಾಟುವಿಕೆಯನ್ನೇ ತಡೆಯುವಂಥದ್ದಾಗಿರಬೇಕು. ಕೊರೊನಾ ಕಾಲದಲ್ಲಿ ಟೀವಿಯವರು ಹರ್ಡ್ ಇಮ್ಯೂನಿಟಿ ಅಂತ ಬಾಯಿಗೆ ಬಂದ ಹಾಗೆ ಹೇಳಿದರಲ್ಲ, ಈ ಎರಡು ಷರತ್ತನ್ನು ಮಾತ್ರ ಬಿಟ್ಟುಬಿಟ್ಟರು.

ಫ್ಲೂ ಜ್ವರದ ಒಂದು ಕಥೆಯನ್ನೂ ಹೇಳಿಬಿಡುತ್ತೇನೆ. ಫ್ಲೂ ಬಂದು ಗಂಟಲಿನ ಒಳಪದರ ಹುಣ್ಣಾದರೆ ನ್ಯುಮೋಕಾಕಸ್‌ಗೆ ಕೆಳಗಿಳಿಯಲು ಮೆಟ್ಟಿಲು ಕಟ್ಟಿಕೊಟ್ಟ ಹಾಗೆ. 1918ರ ಮಹಾಮಾರಿಯಲ್ಲಿ ಸತ್ತವರಲ್ಲಿ ಹೆಚ್ಚಿನವರನ್ನು ಕೊಂದಿದ್ದು ಫ್ಲೂ ಹಿಂದೆ ಬಂದ ಬ್ಯಾಕ್ಟೀರಿಯಾದ ನ್ಯುಮೋನಿಯಾ. ಜಪಾನಿನಲ್ಲಿ 1962ರಿಂದ ಶಾಲೆ ಮಕ್ಕಳಿಗೆ ಫ್ಲೂ ಲಸಿಕೆ ಹಾಕುತ್ತಿದ್ದರು. ಮಕ್ಕಳು ಹರಡುತ್ತಾರೆ, ಅವರನ್ನು ತಡೆದರೆ ಊರು ಉಳಿಯುತ್ತದೆ ಅನ್ನುವ ಲೆಕ್ಕಾಚಾರ. ಆಮೇಲೆ ಲಾಭ ಇಲ್ಲ ಅನ್ನುವ ಗುಮಾನಿ ಬಂತು, 1987ರಲ್ಲಿ ಕಡ್ಡಾಯ ಸಡಿಲಿಸಿದರು, 1994ರಲ್ಲಿ ನಿಲ್ಲಿಸಿಯೇಬಿಟ್ಟರು. 2001ರಲ್ಲಿ ಸಂಶೋಧಕರು ಹಿಂದಿನ ಸಾವಿನ ಲೆಕ್ಕ ತೆಗೆದು ನೋಡಿದರು. ಮಕ್ಕಳಿಗೆ ಲಸಿಕೆ ಇದ್ದ ಕಾಲದಲ್ಲಿ ವರ್ಷಕ್ಕೆ 37,000ದಿಂದ 49,000 ಸಾವು ತಪ್ಪಿರಬೇಕು ಅಂತ ಅವರ ಅಂದಾಜು. ಸುಮಾರು 420 ಮಕ್ಕಳಿಗೆ ಲಸಿಕೆ ಹಾಕಿದರೆ ಒಂದು ಸಾವು ತಪ್ಪಿದ ಹಾಗೆ. ತಪ್ಪಿದ್ದು ಹೆಚ್ಚಾಗಿ ವಯಸ್ಸಾದವರ ಸಾವು. ಅದು ಅಂದಾಜು, ಅದರ ಮೇಲೆ ಜಗಳವೂ ನಡೆದಿದೆ. ಆದರೆ ಬೇಲಿ ಕಿತ್ತ ಮೇಲೆ ಬೇಲಿಯ ಬೆಲೆ ಗೊತ್ತಾಗುವುದು ನಮಗೆ ಹೊಸತೇನಲ್ಲ.

ಈಗ ನಮ್ಮ ದೇಶದ ಮಾತು. ಸರ್ಕಾರದ ಉಚಿತ ಲಸಿಕೆಯಲ್ಲಿ ಪಿಸಿವಿ ಮೊದಲು ಬಂದಿದ್ದು 2017ರಲ್ಲಿ. ಹಿಮಾಚಲ ಪ್ರದೇಶದಲ್ಲಿ, ಬಿಹಾರ ಮತ್ತು ಉತ್ತರ ಪ್ರದೇಶದ ಕೆಲವು ಜಿಲ್ಲೆಗಳಲ್ಲಿ. 2021ರಲ್ಲಿ ದೇಶದ ಎಲ್ಲ ಕಡೆಗೂ ಬಂತು. ಅದಕ್ಕೂ ಮುಂಚೆ ನಾವು ಖಾಸಗಿಯಾಗಿ ಬರೆದುಕೊಡುತ್ತಿದ್ದೆವು, ಒಂದು ಡೋಸಿಗೆ ಸಾವಿರಗಟ್ಟಲೆ. ಕೂಲಿ ಮಾಡುವ ತಾಯಿ ಚೀಟಿಯನ್ನು ಮಡಚಿ ಬ್ಲೌಸಿನೊಳಗೆ ಇಟ್ಟುಕೊಂಡು ಹೋಗುತ್ತಿದ್ದಳು. ಮತ್ತೆ ಬರುತ್ತಿರಲಿಲ್ಲ. ಈಗ ಪುಣೆಯ ಸೀರಂ ಇನ್‌ಸ್ಟಿಟ್ಯೂಟ್‌ನಲ್ಲಿ 10 ನಮೂನೆಯ ಲಸಿಕೆ ತಯಾರಾಗುತ್ತದೆ. ಬೆಲೆ ಇಳಿದಿದ್ದರಲ್ಲಿ ಅದರ ಪಾತ್ರ ದೊಡ್ಡದು. ಅದೇ ತಾಯಿ ಈಗ ಗುರುವಾರ ಅಂಗನವಾಡಿಗೆ ಬಂದರೆ ಸಾಕು, ಒಂದು ಪೈಸೆ ಇಲ್ಲ.

ಮೂರು ಡೋಸು. ಒಂದೂವರೆ ತಿಂಗಳಿಗೆ, ಮೂರೂವರೆ ತಿಂಗಳಿಗೆ, ಒಂಬತ್ತು ತಿಂಗಳಿಗೆ. ಆರು ವಾರಕ್ಕೇ ಯಾಕೆ ಶುರು ಅಂದರೆ, ನಮ್ಮ ಕಡೆಯ ಮಕ್ಕಳ ಮೂಗಿಗೆ ಈ ಕ್ರಿಮಿ ಬಹಳ ಬೇಗ ಬರುತ್ತದೆ. ಮಳೆ ಹಿಡಿದ ಮೇಲೆ ಔಷಧಿ ಹೊಡೆದರೆ ಏನು ಸುಖ?

ನನಗೆ ಸಿಟ್ಟು ಬರುವುದು ಒಂಬತ್ತು ತಿಂಗಳಿನ ಡೋಸಿನ ವಿಷಯದಲ್ಲಿ. ಮೊದಲ ಎರಡನ್ನು ಜನ ತಪ್ಪಿಸುವುದು ಕಡಿಮೆ, ಬಾಣಂತಿ ತವರಲ್ಲಿರುತ್ತಾಳೆ, ಅವಳ ಅಮ್ಮ ಎಳೆದುಕೊಂಡು ಹೋಗುತ್ತಾಳೆ. ಒಂಬತ್ತು ತಿಂಗಳಾಗುವ ಹೊತ್ತಿಗೆ ಮಗು ಗಂಡನ ಮನೆಗೆ, ಇಲ್ಲ ಬೆಂಗಳೂರಿಗೆ ಹೋಗಿರುತ್ತದೆ. ಕಾರ್ಡು ತವರಿನ ಬೀರುವಿನಲ್ಲೇ ಉಳಿದಿರುತ್ತದೆ. "ಚೆನ್ನಾಗೇ ಇದಾನಲ್ಲ ಡಾಕ್ಟ್ರೇ, ಮತ್ತೆ ಯಾಕೆ ಚುಚ್ಚೋದು?" ಚೆನ್ನಾಗಿದ್ದಾನೆ ನಿಜ. ಆದರೆ ಒಂದು ವರ್ಷದ ಮೇಲೆ ಮೂಗು ಕಾಯುವುದು ಈ ಡೋಸೇ. ಬೇರೆ ಮಕ್ಕಳ ಜೊತೆ ಬೆರೆತು ಹರಡುವ ವಯಸ್ಸು ಶುರುವಾಗುವುದೂ ಆಗಲೇ. ಬ್ರಿಟನ್ನಿನಲ್ಲಿ 2020ರಲ್ಲಿ ಶುರುವಿನ ಎರಡು ಡೋಸಲ್ಲಿ ಒಂದನ್ನು ಕೈಬಿಟ್ಟರು. ಆದರೆ ಒಂದು ವರ್ಷಕ್ಕೆ ಕೊಡುವ ಬೂಸ್ಟರ್ ಉಳಿಸಿಕೊಂಡರು. ಅವರ ಊರಲ್ಲಿ ಆ ಕ್ರಿಮಿಗಳ ಓಡಾಟ ಅಷ್ಟು ಕಡಿಮೆಯಾಗಿತ್ತು, ಉಳಿದದ್ದನ್ನು ಬೂಸ್ಟರ್ ನೋಡಿಕೊಳ್ಳುತ್ತದೆ ಅಂತ ಧೈರ್ಯ. ನಾವಿನ್ನೂ ಅಲ್ಲಿಗೆ ಮುಟ್ಟಿಲ್ಲ, ನಮಗೆ ಮೂರೂ ಬೇಕು.

ಹುಳುಕು ಇಲ್ಲವಾ? ಇದೆ. 7 ನಮೂನೆಯ ಬಾಡಿಗೆದಾರರನ್ನು ಓಡಿಸಿದ ಮೇಲೆ ಖಾಲಿಯಾದ ಮನೆಗೆ ಬೇರೆ ನಂಬರಿನವರು ಬಂದರು. ಅಮೆರಿಕದಲ್ಲಿ 19ಎ ಅನ್ನುವವನು ತಲೆಯೆತ್ತಿದ, ಅವನಿಗೆ ಎಷ್ಟೋ ಆಂಟಿಬಯೋಟಿಕ್ ನಾಟುತ್ತಿರಲಿಲ್ಲ. 2010ರಲ್ಲಿ 13 ನಮೂನೆಯ ಲಸಿಕೆ ಬಂದು ಅವನನ್ನೂ ಸೇರಿಸಿಕೊಂಡರು. ಪುಣೆಯ ಲಸಿಕೆಯಲ್ಲೂ 19ಎ ಇದೆ. 3ನೇ ನಂಬರಿನವನಂತೂ ಲಸಿಕೆಗೆ ಸೇರಿಸಿದರೂ ಸರಿಯಾಗಿ ಬಗ್ಗುತ್ತಿಲ್ಲ, ಅವನ ಅಂಗಿ ಬಹಳ ದಪ್ಪ. ಬದಲಿಗೆ ಬಂದ ನಂಬರುಗಳು ವಯಸ್ಸಾದವರಲ್ಲಿ ಲಾಭದ ಒಂದು ಪಾಲನ್ನು ತಿಂದುಹಾಕಿದ ದೇಶಗಳೂ ಇವೆ. ಹಾಗಾಗಿ ಅಮೆರಿಕದ ಶೇಕಡಾವಾರನ್ನು ತಂದು ನಮ್ಮ ಜಿಲ್ಲೆಗೆ ಹಾಗೇ ಅಂಟಿಸಬೇಡಿ.

ಅದಕ್ಕೇ, ಮೊಮ್ಮಗುವಿಗೆ ಹಾಕಿಸಿದೆವು, ನಮ್ಮದು ಆಯಿತು ಅಂತ ಕೂರುವ ಹಾಗಿಲ್ಲ. ಪಕ್ಕದ ತೋಟಕ್ಕೆ ಔಷಧಿ ಬಿತ್ತು ಅಂತ ನೀವು ನಿಮ್ಮ ತೋಟಕ್ಕೆ ಹೊಡೆಸುವುದು ಬಿಡುತ್ತೀರಾ? ಸಕ್ಕರೆ ಕಾಯಿಲೆ, ದಮ್ಮು, ಹೃದಯದ ತೊಂದರೆ ಇರುವವರು ದೊಡ್ಡವರ ನ್ಯುಮೋನಿಯಾ ಲಸಿಕೆ, ವರ್ಷಕ್ಕೊಂದು ಫ್ಲೂ ಲಸಿಕೆ ಬಗ್ಗೆ ನಿಮ್ಮ ಡಾಕ್ಟರನ್ನು ಕೇಳಿ. ಬೀಡಿ ಬಿಡಿ. ಹಂಡೆ ಒಲೆಯ ಹೊಗೆ ಹೊರಗೆ ಹೋಗುವ ದಾರಿ ಮಾಡಿ. ಹಲ್ಲಿನ ಸೆಟ್ಟು ಇರುವವರು ರಾತ್ರಿ ತೆಗೆದಿಟ್ಟು ಮಲಗಿ. ನಗಬೇಡಿ, ಜಪಾನಿನಲ್ಲಿ 85 ದಾಟಿದವರನ್ನು ಗಮನಿಸಿದಾಗ ಸೆಟ್ಟು ಹಾಕಿಕೊಂಡೇ ಮಲಗುವವರಲ್ಲಿ ನ್ಯುಮೋನಿಯಾ ಸುಮಾರು ಎರಡು ಪಟ್ಟು ಇತ್ತು.

ಇನ್ನೊಂದು ಮಾತು ನಿಮಗಿಂತ ನಿಮ್ಮ ಮನೆಯವರಿಗೆ. ವಯಸ್ಸಾದವರಿಗೆ ನ್ಯುಮೋನಿಯಾ ಬಂದರೆ ಕೆಮ್ಮು, ಜ್ವರ ಇರಲೇಬೇಕು ಅಂತಿಲ್ಲ. ಅಜ್ಜ ಇದ್ದಕ್ಕಿದ್ದ ಹಾಗೆ ಮಂಕಾದರು, ಊಟ ಬೇಡ ಅಂದರು, ಏನೇನೋ ಮಾತಾಡುತ್ತಿದ್ದಾರೆ, ಬಚ್ಚಲಲ್ಲಿ ಬಿದ್ದರು. ಇಷ್ಟೇ ಇರಬಹುದು. ಆಗ ಒಂದು ನಿಮಿಷ ಉಸಿರು ಎಣಿಸಿ. ಮೂವತ್ತು ಮುಟ್ಟಿದರೆ ಕಷಾಯ ಕಾಯಿಸುತ್ತಾ ಕೂರಬೇಡಿ, ಗಾಡಿ ತೆಗೆಯಿರಿ. ಆಗುಂಬೆ ಕಡೆಯವರಿಗೆ ಮಳೆಗಾಲದಲ್ಲಿ ಗಾಡಿ ತೆಗೆಯುವುದೇ ಅರ್ಧ ದಿನದ ಕೆಲಸ, ಅದಕ್ಕೇ ಬೇಗ ಹೊರಡಿ ಅನ್ನುವುದು.

ಮಾತು ಮುಗಿಸಿ ಕೆಳಗಿಳಿದಾಗ ಒಬ್ಬರು ಅಜ್ಜಿ ಬಂದು ಕೈ ಹಿಡಿದುಕೊಂಡರು. ಹೊಸನಗರದ ಕಡೆಯವರು. ಮಗಳು ಬೆಂಗಳೂರಲ್ಲಿ. ಮೊಮ್ಮಗಳಿಗೆ ದಸರೆ ರಜೆಯ ಹೊತ್ತಿಗೆ ಸರಿಯಾಗಿ ಒಂಬತ್ತು ತಿಂಗಳು ತುಂಬುತ್ತದೆ, ಆಗ ಎಲ್ಲರೂ ಊರಿಗೆ ಬಂದಿರುತ್ತಾರೆ. "ಅಲ್ಲಿಯ ಕಾರ್ಡು ನಮ್ಮೂರಲ್ಲಿ ನಡೀತದನ ಡಾಕ್ಟ್ರೇ?" ನಡೆಯುತ್ತದೆ, ಎಲ್ಲಿ ಬೇಕಾದರೂ ಹಾಕಿಸಬಹುದು, ಆಶಾ ಕಾರ್ಯಕರ್ತೆಗೆ ಮುಂಚೆಯೇ ಒಂದು ಮಾತು ಹೇಳಿಟ್ಟಿರಿ ಅಂದೆ. ಕಾರ್ಡು ಮರೆಯದೆ ತರಲು ಹೇಳಿ ಅಂದೆ.

ಅವರು ಅಲ್ಲೇ ಚೀಲದಿಂದ ಫೋನು ತೆಗೆದರು. "ಹಲೋ, ಕೇಳ್ತದನೇ? ಬಟ್ಟೆ ಆಮೇಲೆ ತುಂಬು. ಮೊದಲು ಆ ಕಾರ್ಡು ಬ್ಯಾಗಿಗೆ ಹಾಕು."